ಮಗುವಿನ ಮಲದ್ವಾರದ ಬಳಿ ಕುರು: ಯಾವಾಗ ಕಾಯಬೇಕು, ಯಾವಾಗ ಹೊರಡಬೇಕು

ಮಗುವಿನ ಮಲದ್ವಾರದ ಪಕ್ಕ ಕುರು ಎದ್ದಿದೆ, ಒಡೆಸಬೇಕೇ? ಒಡೆದು ವಾರಗಳಾದರೂ ಕೀವು ನಿಂತಿಲ್ಲ, ಆಪರೇಷನ್ ಮಾಡಿಸಲೇಬೇಕೇ? ಕೊಡಗಿನ ಓದುಗರಿಂದ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೆ ಒಂದೊಂದು ಸಾಲಿನ ಉತ್ತರ ಬರೆದರೆ ಸಾಲುವುದಿಲ್ಲ. ಏಕೆಂದರೆ ಉತ್ತರ ನಿಂತಿರುವುದು ಮಗುವಿನ ವಯಸ್ಸಿನ ಮೇಲೆ. ಆರು ತಿಂಗಳ ಕೂಸಿಗೆ ಸರಿಯಾದ ಸಲಹೆ ಎಂಟು ವರ್ಷದ ಹುಡುಗನಿಗೆ ಅಪಾಯವಾಗಬಹುದು. ಆದ್ದರಿಂದ ಎಲ್ಲವನ್ನೂ ಹಂತಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿಕೊಂಡು ಡಾಕ್ಟರ ಬಳಿಗೆ ಹೋಗಿ. ಓದಿದ್ದೇ ಸಾಕೆಂದು ಮನೆಯಲ್ಲಿ ಉಳಿಯಬೇಡಿ.

ಮೊದಲೇ ಒಂದು ಮಾತು. ಇದು ತಾಯಿಯ ತಪ್ಪಿನಿಂದ ಬಂದದ್ದಲ್ಲ. ಬಾಣಂತಿ ನಂಜಿನ ಪದಾರ್ಥ ತಿಂದಳು, ಮೀನು ತಿಂದಳು, ಪಥ್ಯ ಮುರಿದಳು, ಮಗುವನ್ನು ಸರಿಯಾಗಿ ತೊಳೆಯಲಿಲ್ಲ ಎಂದು ಮನೆಯಲ್ಲಿ ಯಾರಾದರೂ ಆಡಿದರೆ ಆ ಮಾತಿಗೆ ಬೆಲೆ ಕೊಡಬೇಡಿ. ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಬೇಡಿ.

1. ಕಾಣುತ್ತಿರುವುದು ಏನೆಂದು ಗುರುತಿಸಿ

ಮಲದ್ವಾರದ ಒಳಗೆ, ಹೊರಚರ್ಮ ಮುಗಿದು ಕರುಳಿನ ಒಳಪದರ ಶುರುವಾಗುವ ಗಡಿಯಲ್ಲಿ, ಸುತ್ತಲೂ ಸಣ್ಣ ಸಣ್ಣ ಕುಳಿಗಳಿವೆ. ಆ ಕುಳಿಗಳಿಗೆ ತೆರೆದುಕೊಳ್ಳುವ ಗ್ರಂಥಿಗಳಲ್ಲಿ ಸೋಂಕು ಹತ್ತಿ, ಕೀವು ತುಂಬಿ, ಅದು ಹೊರಗಿನ ಚರ್ಮದತ್ತ ಬಂದು ಉಬ್ಬಿದರೆ ಅದೇ ಕೀವುಗುಳ್ಳೆ. ಡಾಕ್ಟರ ಚೀಟಿಯಲ್ಲಿ ಇದನ್ನು ‘ಪೆರಿಏನಲ್ ಆಬ್ಸೆಸ್’ ಎಂದು ಬರೆಯುತ್ತಾರೆ. ಕೀವು ಹೋದ ಮೇಲೂ ಒಳಗಿನ ಕುಳಿಯಿಂದ ಹೊರಗಿನ ಚರ್ಮದವರೆಗೆ ಸಣ್ಣ ನಾಳದಂಥ ದಾರಿ ಉಳಿದುಕೊಂಡರೆ ಅದು ಫಿಸ್ಟುಲಾ. ಭಗಂದರ ಎಂದು ನಮ್ಮವರು ಹೇಳುವುದು ಇದಕ್ಕೇ. ಮೂಲವ್ಯಾಧಿ ಬೇರೆ. ಹಸುಗೂಸುಗಳಲ್ಲಿ ಮೂಲವ್ಯಾಧಿ ತೀರಾ ಅಪರೂಪ, ಅದರ ಮುಲಾಮನ್ನು ತಂದು ಹಚ್ಚಬೇಡಿ.

ಒಂದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಸಾಮಾನ್ಯವಾಗಿ ಮಲದ್ವಾರದ ಎಡಕ್ಕೋ ಬಲಕ್ಕೋ, ಅಂಚಿನ ಹತ್ತಿರವೇ, ಬಟಾಣಿಯಿಂದ ನೆಲ್ಲಿಕಾಯಿಯವರೆಗಿನ ಗಾತ್ರದಲ್ಲಿ ಕೆಂಪಾಗಿ ಏಳುತ್ತದೆ. ಮುಟ್ಟಿದರೆ ಬಿಸಿ, ಗಟ್ಟಿ. ಒಂದೆರಡು ದಿನಗಳಲ್ಲಿ ನಡುವೆ ಮೆತ್ತಗಾಗಿ ಹಳದಿ ಮೊನೆ ಕಾಣಬಹುದು.

ಎಲ್ಲ ಕೆಂಪೂ ಕುರುವಲ್ಲ. ಡಯಾಪರ್ ತಾಗುವ ಕಡೆಯೆಲ್ಲ ಹರಡಿದ ಕೆಂಪು ಗಂಧೆಗೆ ಗಂಟು ಇರುವುದಿಲ್ಲ. ಮಲದ್ವಾರದ ಅಂಚು ಸೀಳಿದ್ದರೆ ಮಲದ ಮೇಲೆ ರಕ್ತದ ಗೆರೆ ಕಾಣುತ್ತದೆ, ಕೀವು ಇರುವುದಿಲ್ಲ. ಹೆಣ್ಣುಮಕ್ಕಳಲ್ಲಿ ಮಲದ್ವಾರದ ಮುಂಭಾಗದಲ್ಲಿ ನೋವಿಲ್ಲದ ಮೆತ್ತನೆಯ ಚರ್ಮದ ಮಡಿಕೆ ಇದ್ದರೆ ಅದು ಬಹುಪಾಲು ನಿರಪಾಯಕಾರಿ. ಆದರೆ ಹೆಣ್ಣುಮಗುವಿನ ಯೋನಿಯ ಬಳಿಯಿಂದ ಕೀವು ಅಥವಾ ಮಲ ಬರುತ್ತಿದ್ದರೆ ಅದು ಈ ಲೇಖನದ ವಿಷಯವೇ ಅಲ್ಲ, ಹುಟ್ಟಿನಿಂದ ಬಂದ ರಚನೆಯ ದೋಷವಿರಬಹುದು. ನೇರವಾಗಿ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರಿಗೆ ತೋರಿಸಿ.

ಗಂಟು ಕಂಡ ದಿನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ, ಆಮೇಲೆ ದಿನಕ್ಕೊಂದು. ಡಾಕ್ಟರ ಬಳಿಗೆ ಹೋಗುವಷ್ಟರಲ್ಲಿ ಅದು ಒಡೆದು ಬತ್ತಿಹೋಗಿರಬಹುದು, ಆಗ ಆ ಚಿತ್ರಗಳೇ ಸಾಕ್ಷಿ. ಅವುಗಳನ್ನು ಡಾಕ್ಟರಿಗೆ ಮಾತ್ರ ತೋರಿಸಿ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಸಲಹೆ ಕೇಳುವುದು ಬೇಡ. ಮಗುವಿಗೂ ಮಾನವಿದೆ.

2. ಈಗಲೇ ಹೊರಡಬೇಕಾದ ಲಕ್ಷಣಗಳು ಇವೆಯೇ ನೋಡಿ

ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ:

– ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು. ಇದೊಂದೇ ಲಕ್ಷಣ ಸಾಕು, ಬೇರೆ ಏನೂ ಬೇಕಿಲ್ಲ.
– ಯಾವ ವಯಸ್ಸಿನ ಮಗುವಾದರೂ ಹಾಲು ಕುಡಿಯದೆ ಮಂಕಾಗಿರುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು.
– ಕೆಂಪು ಗಂಟೆಗಂಟೆಗೆ ಹರಡುತ್ತಾ ಪಿರ್ರೆ, ತೊಡೆಸಂದು ಅಥವಾ ವೃಷಣದ ಚೀಲದವರೆಗೆ ಹೋಗಿರುವುದು. ಚರ್ಮ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುವುದು.
– ಮೂತ್ರ ಹೋಗದಿರುವುದು, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿರುವುದು.
– ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವುದು, ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಎಂದು ಮೊದಲೇ ತಿಳಿದಿರುವುದು. ಇಂಥ ಮಕ್ಕಳಲ್ಲಿ ಕೀವು ಕಟ್ಟುವಷ್ಟು ಬಿಳಿ ರಕ್ತಕಣಗಳೇ ಇರದಿರಬಹುದು. ಬರೀ ನೋವು, ಒಂದಿಷ್ಟು ಕೆಂಪು ಇದ್ದರೂ ಒಳಗೆ ದೊಡ್ಡ ಸೋಂಕಿರಬಹುದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ನಮ್ಮ ಕೈಯಲ್ಲಿರುವುದಿಲ್ಲ. ಮರ ಬೀಳುತ್ತದೆ, ಬರೆ ಕುಸಿಯುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಏನಾಯಿತೆಂದು ಯಾರಿಗೂ ನೆನಪಿಸಬೇಕಾಗಿಲ್ಲ. ಬಯಲುಸೀಮೆಯ ಊರಿನವರು ಸಂಜೆಯವರೆಗೆ ಕಾದು ನೋಡಬಹುದು. ಮಳೆ ಹಿಡಿದ ದಿನ ತೋಟದೊಳಗಿನ ಲೈನ್ ಮನೆಯಲ್ಲಿರುವವರು, ಭಾಗಮಂಡಲದ ಮೇಲಿನ ಊರುಗಳವರು ಹಗಲಿನಲ್ಲೇ ಹೊರಡುವುದು ಲೇಸು. 108 ಆಂಬುಲೆನ್ಸ್‌ಗೆ ಕರೆ ಮಾಡಿದಾಗ ತೋಟದ ಹೆಸರಿನ ಜೊತೆಗೆ ಮುಖ್ಯರಸ್ತೆಯ ಗುರುತನ್ನೂ ಹೇಳಿ, ಮಗುವನ್ನು ಜೀಪಿನಲ್ಲೋ ಆಟೋದಲ್ಲೋ ಅಲ್ಲಿಯವರೆಗೆ ತಂದಿಟ್ಟುಕೊಳ್ಳಿ.

3. ವಯಸ್ಸಿನ ಪ್ರಕಾರ ದಾರಿ ಆರಿಸಿಕೊಳ್ಳಿ

ಒಂದು ವರ್ಷದೊಳಗಿನ ಮಗು, ಜ್ವರವಿಲ್ಲ, ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ಗಂಟು ಒಂದೇ ಇದೆ. ಹೀಗಿದ್ದರೆ ಮಕ್ಕಳ ಡಾಕ್ಟರು ನೋಡಿದ ಮೇಲೆ ಮನೆಯ ಆರೈಕೆಯಲ್ಲಿ ಕಾಯಬಹುದು. ಹಿಂದೆ ಎಲ್ಲ ಕುರುವನ್ನೂ ಕೊಯ್ದು ಕೀವು ತೆಗೆಯುವುದೇ ರೂಢಿಯಾಗಿತ್ತು. ಆರೋಗ್ಯವಾಗಿರುವ ಹಸುಗೂಸುಗಳಲ್ಲಿ ಕೊಯ್ಯದೆ ಕಾದರೂ ಬಹಳಷ್ಟು ವಾಸಿಯಾಗುತ್ತವೆ, ಕೊಯ್ದ ಮಾತ್ರಕ್ಕೆ ಫಿಸ್ಟುಲಾ ತಪ್ಪುವುದಿಲ್ಲ ಎಂಬುದು ಈಗ ತಿಳಿದಿದೆ. ಆದ್ದರಿಂದ ಡಾಕ್ಟರು ‘ಸದ್ಯಕ್ಕೆ ಏನೂ ಮಾಡುವುದು ಬೇಡ, ನೋಡೋಣ’ ಎಂದರೆ ಅದು ಉದಾಸೀನವಲ್ಲ, ಅದೂ ಚಿಕಿತ್ಸೆಯೇ. ಕೊಯ್ಯಲಿಲ್ಲವೆಂದು ಬೇಸರಪಟ್ಟು ಬೇರೆ ಬಾಗಿಲು ಹುಡುಕಬೇಡಿ.

ಎರಡು ವರ್ಷ ದಾಟಿದ ಮಗುವಾದರೆ ಕಾಯುವ ದಾರಿ ನಿಮ್ಮದಲ್ಲ. ನೇರವಾಗಿ 7ನೇ ಹಂತವನ್ನೂ ಓದಿಕೊಂಡು ಹೊರಡಿ. ಒಂದರಿಂದ ಎರಡು ವರ್ಷದ ನಡುವಿನ ಮಕ್ಕಳ ವಿಷಯವನ್ನು ಪರೀಕ್ಷಿಸಿದ ಡಾಕ್ಟರೇ ಹೇಳಬೇಕು.

4. ಮನೆಯ ಆರೈಕೆ: ಬೆಚ್ಚನೆಯ ನೀರೇ ಮುಖ್ಯ ಮದ್ದು

ಅಗಲವಾದ ಪ್ಲಾಸ್ಟಿಕ್ ಟಬ್ಬನ್ನು ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರನ್ನು ನಾಲ್ಕು ಬೆರಳಿನಷ್ಟು ಎತ್ತರಕ್ಕೆ ತುಂಬಿ. ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ. ಬೆಚ್ಚಗಿದೆ ಅನಿಸಬೇಕು, ಸುಡಬಾರದು. ಒಬ್ಬರು ಮಗುವಿನ ಕಂಕುಳಿಗೆ ಕೈಕೊಟ್ಟು ತಲೆಯನ್ನು ತೋಳಿಗೆ ಒರಗಿಸಿಕೊಂಡು ಹಿಡಿಯಲಿ, ಮಗುವಿನ ಪಿರ್ರೆ ಪೂರ್ತಿ ನೀರಿನಲ್ಲಿರಲಿ. ಹತ್ತು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಸಲ, ಸಾಧ್ಯವಾದರೆ ಮಲ ಮಾಡಿದ ನಂತರ. ಮಡಿಕೇರಿಯ ಚಳಿಯಲ್ಲಿ ನೀರು ಬೇಗ ಆರುತ್ತದೆ. ಆರಿತೆಂದು ಮಗು ಕೂತಿರುವಾಗಲೇ ಬಿಸಿನೀರು ಸುರಿಯಬೇಡಿ. ಮಗುವನ್ನು ಎತ್ತಿಕೊಂಡು, ನೀರು ಬೆರೆಸಿ, ಮತ್ತೆ ಮೊಣಕೈ ಅದ್ದಿ ನೋಡಿ, ಆಮೇಲೆ ಕೂರಿಸಿ. ಮೇಲ್ಮೈಗೆ ಒಂದು ಬೆಚ್ಚನೆಯ ಅಂಗಿ ಇರಲಿ.

ಆ ನೀರಿಗೆ ಏನೂ ಬೇಡ. ಡೆಟಾಲ್ ಬೇಡ, ಬೇವಿನ ಸೊಪ್ಪು ಬೇಡ, ಅರಿಶಿನ ಬೇಡ. ಎಳೆಯ ಚರ್ಮ ಸುಟ್ಟುಹೋದರೆ ಕುರುವಿಗಿಂತ ಅದೇ ದೊಡ್ಡ ನೋವು. ನಂತರ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಕೆಲಹೊತ್ತು ಡಯಾಪರ್ ಇಲ್ಲದೆ ಗಾಳಿಗೆ ಬಿಡಿ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಅರೆಹಸಿ ಲಂಗೋಟಿಯನ್ನೇ ಕಟ್ಟುವುದುಂಟು. ಅದರ ಬದಲು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ ಕಟ್ಟಿ, ಇಲ್ಲವೇ ಆ ದಿನಗಳ ಮಟ್ಟಿಗೆ ಡಯಾಪರ್ ಬಳಸಿ, ಒದ್ದೆಯಾದ ಕೂಡಲೇ ಬದಲಿಸಿ.

ಮಾಡಬಾರದ್ದು ಇಷ್ಟು. ಹಿಂಡಬೇಡಿ. ಸೂಜಿ, ಮುಳ್ಳು, ಬ್ಲೇಡು ಯಾವುದನ್ನೂ ತಾಗಿಸಬೇಡಿ. ಹಿಂಡಿದರೆ ಕೀವು ಹೊರಗೆ ಬಂದಷ್ಟೇ ಒಳಗೂ ನುಗ್ಗುತ್ತದೆ. ಕುರು ಹಣ್ಣಾಗಲೆಂದು ಸುಣ್ಣ ಬೆಲ್ಲ ಕಲಸಿ ಹಚ್ಚುವ ಪದ್ಧತಿ ನಮ್ಮಲ್ಲಿ ಹಳೆಯದು. ದೊಡ್ಡವರ ಬೆನ್ನಿನ ಮೇಲಿನ ಕುರುವಿಗೆ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು, ಹಸುಗೂಸಿನ ಮಲದ್ವಾರಕ್ಕೆ ಸುಣ್ಣ ತಾಗಿಸಬೇಡಿ. ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ, ಜಗಳವಾಡದೆ ಅವರನ್ನೇ ಡಾಕ್ಟರ ಬಳಿಗೆ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಕೇಳಿದರೆ ಮನೆಯಲ್ಲಿ ಎಲ್ಲರಿಗೂ ಒಂದೇ ಮಾತಾಗುತ್ತದೆ.

ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದು, ಆದರೆ ಪ್ರಮಾಣ ನಿಲ್ಲುವುದು ಮಗುವಿನ ತೂಕದ ಮೇಲೆ. ಸಿರಪ್‌ಗಳ ಸಾಂದ್ರತೆಯೂ ಬೇರೆ ಬೇರೆ. ‘ಒಂದು ಮುಚ್ಚಳ’ ಎಂಬ ಅಳತೆ ಬೇಡ, ಎಷ್ಟು ಮಿಲಿಲೀಟರ್ ಎಂದು ಬರೆಸಿಕೊಳ್ಳಿ. ಮೂರು ತಿಂಗಳೊಳಗಿನ ಮಗುವಿಗೆ ಡಾಕ್ಟರು ನೋಡದೆ ಕೊಡಬೇಡಿ. ಜ್ವರ ಇಳಿದು ಅಪಾಯವೇ ಮರೆಯಾಗಿಬಿಡುತ್ತದೆ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಗುದದೊಳಗೆ ಇಡುವ ಗುಳಿಗೆ, ಗುದದಲ್ಲಿಟ್ಟು ನೋಡುವ ಥರ್ಮಾಮೀಟರ್ ಎರಡನ್ನೂ ಈ ದಿನಗಳಲ್ಲಿ ಬಳಸಬೇಡಿ, ಕಂಕುಳಲ್ಲೇ ಜ್ವರ ನೋಡಿ.

ಆಂಟಿಬಯಾಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಸುತ್ತಲಿನ ಚರ್ಮಕ್ಕೆ ಸೋಂಕು ಹರಡಿದ್ದರೆ, ಜ್ವರವಿದ್ದರೆ, ಮಗು ತೀರಾ ಚಿಕ್ಕದಿದ್ದರೆ ಡಾಕ್ಟರು ಬರೆಯುತ್ತಾರೆ. ಬರೆದರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಅಣ್ಣನಿಗೆ ತಂದು ಉಳಿದಿದ್ದ ಸೀಸೆಯನ್ನು ತಮ್ಮನಿಗೆ ತೆರೆಯಬೇಡಿ.

ಹೀಗೆ ನೋಡಿಕೊಳ್ಳುತ್ತಿರುವಾಗ ಕುರು ತಾನಾಗಿ ಒಡೆದು ಕೀವು ಸುರಿದರೆ ಗಾಬರಿಯಾಗಬೇಡಿ. ಬಹುಪಾಲು ಹಾಗೆಯೇ ಆಗುತ್ತದೆ, ಮಗುವಿನ ಅಳುವೂ ಅಂದೇ ನಿಲ್ಲುತ್ತದೆ. ನೀರಿನ ಆರೈಕೆಯನ್ನು ಮುಂದುವರಿಸಿ, ಡಾಕ್ಟರಿಗೆ ತಿಳಿಸಿ.

5. ಯಾರಿಗೆ ತೋರಿಸಬೇಕು, ಏನನ್ನು ಕೊಂಡೊಯ್ಯಬೇಕು

ಮೊದಲು ಹತ್ತಿರದ ಮಕ್ಕಳ ತಜ್ಞರು. ತಾಲ್ಲೂಕು ಆಸ್ಪತ್ರೆಯಲ್ಲಿ ಅವರು ಯಾವ ದಿನ ಇರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ‘ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು’ ಎಂದೇ ಕೇಳಿ. ದೊಡ್ಡವರ ಭಗಂದರಕ್ಕೆ ಚಿಕಿತ್ಸೆ ಮಾಡುವವರೆಲ್ಲ ಹಸುಗೂಸುಗಳನ್ನು ನೋಡಿ ಅಭ್ಯಾಸವಿರುವವರಲ್ಲ. ಆ ತಜ್ಞರಿಗಾಗಿ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಘಾಟಿ ಇಳಿದು ಮಂಗಳೂರಿಗೋ, ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೋಗಬೇಕಾಗಬಹುದು. ಹೊರಡುವ ಮುನ್ನ ಫೋನ್ ಮಾಡಿ ಹೊರರೋಗಿ ವಿಭಾಗದ ದಿನವನ್ನು ಕೇಳಿಕೊಳ್ಳಿ. ಕಾಫಿ ಕುಯ್ಲಿನ ಸಮಯದಲ್ಲಿ ದಿನಗೂಲಿ ಬಿಟ್ಟು ಅಷ್ಟು ದೂರ ಹೋಗಿ, ಇವತ್ತು ಡಾಕ್ಟರಿಲ್ಲ ಎಂದು ಹಿಂತಿರುಗುವುದಕ್ಕಿಂತ ದೊಡ್ಡ ಸಂಕಟವಿಲ್ಲ.

ಜೊತೆಗೆ ತಾಯಿ ಕಾರ್ಡ್ ಇರಲಿ. ಅದರಲ್ಲಿ ಮಗುವಿನ ತೂಕ, ಲಸಿಕೆ ಎಲ್ಲ ಇರುತ್ತದೆ. ಬಿಪಿಎಲ್ ಪಡಿತರ ಚೀಟಿ, ಆಧಾರ್ ಸಹ ಬೇಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇಕಡಾ 30, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಪಡೆಯಬೇಕು. ಖಾಸಗಿ ಆಸ್ಪತ್ರೆಯಲ್ಲಿ ದಾಖಲಾದ ಮೇಲೆ ಈ ಪತ್ರಕ್ಕಾಗಿ ಓಡಾಡುವವರೇ ಹೆಚ್ಚು. ಮಡಿಕೇರಿಯಲ್ಲೇ ಬರೆಸಿಕೊಂಡು ಹೊರಡಿ.

6. ಕೊಯ್ಯಲೇಬೇಕಾದರೆ, ಫಿಸ್ಟುಲಾ ಉಳಿದರೆ

ಗಂಟು ದೊಡ್ಡದಾಗಿ ಮಗು ನೋವಿನಿಂದ ನರಳುತ್ತಿದ್ದರೆ, ಜ್ವರವಿದ್ದರೆ, ಸೋಂಕು ಹರಡುತ್ತಿದ್ದರೆ ಸಣ್ಣ ಕೊಯ್ತ ಹಾಕಿ ಕೀವು ತೆಗೆಯುತ್ತಾರೆ. ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ. ಮರೆತು ಬಿಟ್ಟದ್ದಲ್ಲ ಅದು, ಒಳಗಿನಿಂದ ತುಂಬಿಕೊಂಡು ಬರಲೆಂದೇ ತೆರೆದಿಡುತ್ತಾರೆ. ತೆಗೆದ ಕೀವನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಕೇಳಿ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ವಾಸಿಯಾಯಿತು ಎಂದುಕೊಂಡ ಜಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ರಂಧ್ರ ಉಳಿದು, ಆಗಾಗ ಕೀವು ಜಿನುಗುತ್ತಾ, ಕೆಲವು ದಿನ ಮುಚ್ಚಿಕೊಂಡು ಮತ್ತೆ ಉಬ್ಬಿದರೆ ಫಿಸ್ಟುಲಾ ಆಗಿದೆ ಎಂದರ್ಥ. ಹಸುಗೂಸುಗಳಲ್ಲಿ ಇದು ಅಪರೂಪವಲ್ಲ. ಈ ಹಂತದಲ್ಲೇ ತಂದೆತಾಯಿಯ ಧೈರ್ಯ ಕುಸಿಯುತ್ತದೆ. ಮಗು ಆಡಿಕೊಂಡು, ಹಾಲು ಕುಡಿದುಕೊಂಡು, ಬೆಳೆಯುತ್ತಿದ್ದರೆ ಇಲ್ಲಿಯೂ ತಿಂಗಳುಗಟ್ಟಲೆ ಕಾಯಬಹುದು. ಹಲವು ಮಕ್ಕಳಲ್ಲಿ ಒಂದೂವರೆ ಎರಡು ವರ್ಷ ತುಂಬುವಷ್ಟರಲ್ಲಿ ಅದು ತಾನಾಗಿ ಮುಚ್ಚಿಹೋಗುತ್ತದೆ. ಡಾಕ್ಟರು ಹೇಳಿದ ಅಂತರದಲ್ಲಿ ತೋರಿಸುತ್ತಾ, ಯಾವ ದಿನ ಉಬ್ಬಿತು, ಯಾವ ದಿನ ಸುರಿಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ಗುರುತುಗಳ ನಡುವಿನ ಅಂತರ ಹೆಚ್ಚುತ್ತಾ ಹೋದರೆ ಕಾಯಲು ಧೈರ್ಯ ಬರುತ್ತದೆ. ಕಡಿಮೆಯಾದರೆ ಶಸ್ತ್ರಚಿಕಿತ್ಸೆಯ ಮಾತನ್ನು ನೀವೇ ಎತ್ತಬಹುದು.

ಪದೇ ಪದೇ ಉಬ್ಬಿ ಮಗುವಿಗೆ ಹಿಂಸೆಯಾಗುತ್ತಿದ್ದರೆ ಅರಿವಳಿಕೆ ಕೊಟ್ಟು ಆ ನಾಳವನ್ನು ಉದ್ದಕ್ಕೂ ಸೀಳಿ ತೆರೆದಿಡುತ್ತಾರೆ. ಇದಕ್ಕೆ ಫಿಸ್ಟುಲಾಟಮಿ ಎನ್ನುತ್ತಾರೆ. ಮಲ ತಡೆಯುವ ಸ್ನಾಯು ಕತ್ತರಿಸಿಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹಸುಗೂಸುಗಳ ಫಿಸ್ಟುಲಾ ಸಾಮಾನ್ಯವಾಗಿ ಗಿಡ್ಡ, ನೇರ, ಚರ್ಮಕ್ಕೆ ಹತ್ತಿರ. ಆದ್ದರಿಂದ ಅನುಭವಿ ಕೈಯಲ್ಲಿ ಆ ಅಪಾಯ ಬಹಳ ಕಡಿಮೆ. ಮತ್ತೆ ಬರುವ ಸಾಧ್ಯತೆ ಮಾತ್ರ ಸ್ವಲ್ಪ ಇದ್ದೇ ಇದೆ, ಕೆಲವೊಮ್ಮೆ ಎದುರಿನ ಬದಿಯಲ್ಲಿ. ಆಯುರ್ವೇದದಲ್ಲಿ ದೊಡ್ಡವರಿಗೆ ಕಟ್ಟುವ ಕ್ಷಾರಸೂತ್ರವನ್ನು, ಅಂದರೆ ಔಷಧ ಲೇಪಿಸಿದ ದಾರವನ್ನು, ಹಸುಗೂಸಿಗೆ ಕಟ್ಟಿಸಲು ನೀವಾಗಿಯೇ ಹೊರಡಬೇಡಿ.

ಅರಿವಳಿಕೆಗೆ ಮುನ್ನ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯವಾಗಿ ಎದೆಹಾಲು 4 ಗಂಟೆ, ಪುಡಿಹಾಲು ಮತ್ತು ಊಟ 6 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಆಸ್ಪತ್ರೆ ಹೇಳಿದ ಸಮಯವನ್ನೇ ಪಾಲಿಸಿ. ಅಳುತ್ತಿದೆಯೆಂದು ದಾರಿಯಲ್ಲಿ ಒಂದು ಬಿಸ್ಕತ್ತು ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ. ಆಪರೇಷನ್ ಮುಂದಕ್ಕೆ ಹೋದರೂ ಪರವಾಗಿಲ್ಲ, ಅರಿವಳಿಕೆಯಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

7. ದೊಡ್ಡ ಮಕ್ಕಳಾದರೆ ಬೇರನ್ನು ಹುಡುಕಿಸಿ

ಎರಡು ವರ್ಷ ದಾಟಿದ ಮಗುವಿಗೆ ಮಲದ್ವಾರದ ಬಳಿ ಕೀವು ಬಂದರೆ ಕೀವು ತೆಗೆಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕೆಲವರಲ್ಲಿ ಬೇರೆ ಕಾರಣ ಸಿಗದೆಯೂ ಇರಬಹುದು, ಆದರೆ ಹುಡುಕದೆ ಬಿಡಬಾರದು. ಮುಖ್ಯವಾಗಿ ನೋಡಬೇಕಾದದ್ದು ಕ್ರೋನ್ಸ್ ಕಾಯಿಲೆ. ಇದು ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಂಟುಮಾಡುವ ರೋಗ. ಹೊಟ್ಟೆನೋವು, ಭೇದಿ, ಮಲದಲ್ಲಿ ರಕ್ತ, ಬಾಯಿಹುಣ್ಣು, ತೂಕ ಇಳಿಯುವುದು ಇದರ ಗುರುತುಗಳು. ಕೆಲವು ಮಕ್ಕಳಲ್ಲಿ ಇವಾವುವೂ ಇಲ್ಲದೆ, ಎತ್ತರ ಬೆಳೆಯದಿರುವುದು ಮತ್ತು ಮಲದ್ವಾರದ ಫಿಸ್ಟುಲಾ ಇಷ್ಟೇ ಕಾಣಿಸುತ್ತವೆ. ಹೋದ ವರ್ಷದ ಶಾಲೆಯ ಸಮವಸ್ತ್ರ ಈ ವರ್ಷವೂ ಸರಿಯಾಗಿ ಹಿಡಿಯುತ್ತಿದೆಯೇ? ಅದನ್ನು ಡಾಕ್ಟರಿಗೆ ಹೇಳಿ.

ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಕೆಮ್ಮು, ಕ್ಷಯದ ಚಿಕಿತ್ಸೆ ಇದ್ದರೆ ತಿಳಿಸಿ. ಸಿಹಿಮೂತ್ರ, ರಕ್ತದ ಕ್ಯಾನ್ಸರ್, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇವೂ ಪಟ್ಟಿಯಲ್ಲಿವೆ. ಈ ಕೊನೆಯದು ಹಸುಗೂಸುಗಳಿಗೂ ಅನ್ವಯಿಸುತ್ತದೆ. ಮಗುವಿಗೆ ಪದೇ ಪದೇ ನ್ಯುಮೋನಿಯಾ, ಮೈಮೇಲೆ ಬೇರೆ ಕಡೆಯೂ ಕುರು, ಬಿಸಿಜಿ ಲಸಿಕೆಯ ನಂತರ ಕಂಕುಳಿನ ಗಂಟು ಕೀವಾದದ್ದು, ಹೊಕ್ಕುಳಬಳ್ಳಿ ಮೂರು ನಾಲ್ಕು ವಾರ ಕಳೆದರೂ ಬೀಳದೇ ಇದ್ದದ್ದು, ಮಲದ್ವಾರದ ಸುತ್ತ ಒಂದಕ್ಕಿಂತ ಹೆಚ್ಚು ರಂಧ್ರ ಇದ್ದರೆ ವಯಸ್ಸು ಎಷ್ಟೇ ಇರಲಿ ಕಾಯುವ ಮಾತಿಲ್ಲ. ಕುಟುಂಬದಲ್ಲಿ ಮೊದಲು ಹಸುಗೂಸು ತೀರಿಕೊಂಡಿದ್ದರೆ, ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ ಸಂಕೋಚಪಡದೆ ಹೇಳಿ. ಡಾಕ್ಟರಿಗೆ ಅದು ದಾರಿ ತೋರುತ್ತದೆ, ಅದರಲ್ಲಿ ನಾಚಿಕೆಯಿಲ್ಲ.

ಪರೀಕ್ಷೆಗಳು ಬಿಳಿ ರಕ್ತಕಣಗಳ ಎಣಿಕೆಯಿಂದ ಶುರುವಾಗುತ್ತವೆ. ಅಗತ್ಯ ಬಿದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಉರಿಯೂತದ ಗುರುತು, ಸೊಂಟದ ಭಾಗದ ಎಂಆರ್‌ಐ, ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ. ಕ್ರೋನ್ಸ್ ಎಂದು ತಿಳಿದರೆ ಫಿಸ್ಟುಲಾವನ್ನು ಸೀಳುವ ಬದಲು ಕೀವು ಹರಿದುಹೋಗಲು ಒಂದು ದಾರ ಹಾಕಿಟ್ಟು, ಒಳಗಿನ ರೋಗಕ್ಕೆ ಔಷಧ ಶುರುಮಾಡುವುದು ಸಾಮಾನ್ಯ. ಮೂಲ ತಿಳಿಯುವ ಮುನ್ನವೇ ಸೀಳಿದರೆ ಗಾಯ ಮಾಯದೆ ಉಳಿಯಬಹುದು. ಅದಕ್ಕೇ ಅವಸರ ಬೇಡ ಎನ್ನುವುದು.

ಶಾಲೆಗೆ ಹೋಗುವ ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಕೂರುವಾಗ ಒಂದು ಬದಿಗೆ ವಾಲುವುದು, ಚಡ್ಡಿಯಲ್ಲಿ ಕಲೆ, ಶೌಚಾಲಯಕ್ಕೆ ಹೋಗಲು ಅಂಜಿಕೆ ಕಂಡರೆ ಗದರದೆ ಕೇಳಿ. ಪರೀಕ್ಷಿಸುವಾಗ ತಾಯಿಯೋ ತಂದೆಯೋ ಜೊತೆಗಿರಲಿ, ಏನು ಮಾಡುತ್ತಾರೆಂದು ಮಗುವಿಗೆ ಮೊದಲೇ ತಿಳಿಸಿ.

8. ಶಸ್ತ್ರಚಿಕಿತ್ಸೆಯ ನಂತರ

ಮರುದಿನದಿಂದಲೇ ಬೆಚ್ಚನೆಯ ನೀರಿನಲ್ಲಿ ಕೂರಿಸಲು ಸಾಮಾನ್ಯವಾಗಿ ಹೇಳುತ್ತಾರೆ, 4ನೇ ಹಂತದ ಕ್ರಮವೇ. ಮಲ ಗಾಯಕ್ಕೆ ತಾಗುವುದನ್ನು ತಪ್ಪಿಸಲಾಗದು, ತಾಗಿದ ಕೂಡಲೇ ತೊಳೆದರೆ ಸಾಕು. ಒಂದೆರಡು ಹನಿ ರಕ್ತ, ತಿಳಿ ನೀರು ಕೆಲವು ದಿನ ಬರುವುದು ಸಹಜ. ಒತ್ತಿ ಹಿಡಿದರೂ ನಿಲ್ಲದ ರಕ್ತ, ಹೊಸದಾಗಿ ಜ್ವರ, ಮೂತ್ರ ಕಟ್ಟಿದ್ದು ಸಹಜವಲ್ಲ.

ಮಲ ಗಟ್ಟಿಯಾಗದಂತೆ ನೋಡಿಕೊಳ್ಳಿ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಸಾಕು, ನೀರು ಕೂಡ ಬೇಡ. ದೊಡ್ಡ ಮಕ್ಕಳಿಗೆ ನೀರು, ಪಪ್ಪಾಯ, ಸೊಪ್ಪು, ಕಿತ್ತಳೆಯನ್ನು ತೊಳೆಯ ಸಮೇತ ಕೊಡಿ. ಆದರೂ ಮಲಬದ್ಧತೆ ಇದ್ದರೆ ಮಲ ಮೃದುವಾಗಿಸುವ ಔಷಧವನ್ನು ಡಾಕ್ಟರಿಂದಲೇ ಬರೆಸಿಕೊಳ್ಳಿ.

ಬಿಡುಗಡೆಯ ಪತ್ರ, ಕೀವಿನ ವರದಿ, ಮಾಂಸದ ತುಣುಕನ್ನು ಪರೀಕ್ಷೆಗೆ (ಬಯಾಪ್ಸಿ) ಕಳುಹಿಸಿದ್ದರೆ ಅದರ ವರದಿ, ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ, ಮಳೆಗಾಲದ ತೇವಕ್ಕೆ ಕಾಗದ ಹಾಳಾಗುತ್ತದೆ. ತುಣುಕಿನ ವರದಿ ಬರಲು ದಿನಗಳು ಹಿಡಿಯುತ್ತವೆ, ಬಿಡುಗಡೆಯ ದಿನ ಅದು ಕೈಗೆ ಸಿಕ್ಕಿರುವುದಿಲ್ಲ. ಅದನ್ನು ಎಲ್ಲಿ, ಯಾವ ದಿನ ಪಡೆಯಬೇಕೆಂದು ವಾರ್ಡಿನಿಂದ ಹೊರಡುವ ಮುನ್ನ ಕೇಳಿ ಆ ಪತ್ರದ ಮೇಲೆಯೇ ಬರೆದುಕೊಳ್ಳಿ.